ಬೆರ್ಚಪ್ಪ ಕ್ಷೇಮ

ಅವರು ಹೋಗಿಬಿಟ್ಟರು ಎಂಬ ಫೋನ್ ಬಂದಾಗ ನಾನು ಕುಂಕುಮದ ಭರಣಿಯೊಂದಕ್ಕೆ ಅರಗು ಹಿಡಿಯುತ್ತಿದ್ದೆ. ಲೇತು ತಿರುಗುತ್ತಿರುವಾಗ ನಾನು ಫೋನ್ ಎತ್ತುವವನೇ ಅಲ್ಲ. ಅವತ್ತು ಯಾಕೋ ಎತ್ತಿದೆ. ಆ ಕಡೆಯಿಂದ ಅವರ ಹೆಂಡತಿ, "ಸಾಬ್ರೇ, ನಿಮ್ ಗೌಡ್ರು ಬೆಳಿಗ್ಗೆ ಹೊಂಟೋದ್ರು. ಕಾಫಿ ಕುಡುದ್ರು, ಲೋಟ ಕೆಳಗಿಟ್ರು, ಅಷ್ಟೇಯ" ಎಂದರು. ಇನ್ನೊಂದು ಕೈಯಲ್ಲಿದ್ದ ಅರಗಿನ ಕಡ್ಡಿ ಒತ್ತಿದಲ್ಲೇ ಒತ್ತಿಕೊಂಡು ಭರಣಿಯ ಹೊಟ್ಟೆಗೆಲ್ಲ ಬಣ್ಣ ದಪ್ಪವಾಗಿ ಮೆತ್ತಿಕೊಂಡಿತು. ಭರಣಿ ಕೆಟ್ಟಿತು. ಆ ಮನುಷ್ಯನಿಂದಾಗಿ ನನ್ನ ಅಂಗಡಿಯಲ್ಲಿ ಹಾಳಾದ ಹಾಲೆ ಮರ ಎಷ್ಟೋ. ಅದೇ ಕೊನೆಯ ತುಂಡು.

ನಾನು ಚನ್ನಪಟ್ಟಣದ ಬೊಂಬೆ ಕೆಲಸದವನು. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸುವುದು, ಉಳಿ ಹಿಡಿದು ಕಡೆಯುವುದು, ಅರಗಿನ ಬಣ್ಣ ಹತ್ತಿಸುವುದು, ತಾಳೆಗರಿ ಒತ್ತಿ ಹೊಳಪು ಬರಿಸುವುದು, ಇಷ್ಟು ಬಿಟ್ಟರೆ ನನಗೆ ಬೇರೇನೂ ಬಾರದು. ಅವರು ಅಕ್ಕೂರಿನ ಕಡೆಯ ರೈತರು. ಹಿಪ್ಪುನೇರಳೆ, ರೇಷ್ಮೆ ಹುಳ, ಒಂದಿಷ್ಟು ರಾಗಿ ಹೊಲ. ಹೆಸರು ಬರೆಯುವುದಿಲ್ಲ. "ಸತ್ತ ಮ್ಯಾಲೂ ಗುರಿ ತಪ್ಪಿದ ಸುದ್ದೀನ ಊರಿಗೆಲ್ಲ ಹಂಚಬ್ಯಾಡಿ" ಎಂದು ಅವರ ಹೆಂಡತಿ ಗೌಡ್ತಮ್ಮ ಮೊದಲೇ ಎಚ್ಚರಿಸಿದ್ದಾರೆ. ಆಕೆಯ ಮಾತು ಮೀರುವ ಧೈರ್ಯ ಗೌಡರಿಗೇ ಇರಲಿಲ್ಲ, ನನಗೆಲ್ಲಿಂದ ಬರಬೇಕು?

ಅವರು ಮೊದಲ ಸಲ ನನ್ನ ಅಂಗಡಿಗೆ ಬಂದ ದಿನ ನನಗೆ ಕೆಟ್ಟ ಸಿಟ್ಟು ಬಂದಿತ್ತು. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹಾಕಿ ವಾಪಸ್ಸು ಹೋಗುವಾಗ ಬಸ್ಸಿಳಿದು ಬಂದವರು ಅಂಗಡಿಯ ಮುಂದೆ ನಿಂತು, ಕಟ್ಟೆಯ ಮೇಲೆ ಜೋಡಿಸಿದ್ದ ಕುದುರೆ, ಬುಗುರಿ, ಗಿಲಕಿ ಎಲ್ಲವನ್ನೂ ಒಂದೊಂದಾಗಿ ಎತ್ತಿ, ತಿರುಗಿಸಿ, ಒಳಗೆ ಇಣುಕಿ ನೋಡಿ ಇಟ್ಟರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಮೊರದಷ್ಟಗಲದ ಅಂಗೈ.

"ಏನ್ ಬೇಕು ಯಜಮಾನ್ರೇ? ಮೊಮ್ಮಕ್ಳಿಗಾ?"

"ಕೋವಿಗೆ" ಎಂದರು.

ಕೋವಿಗೆ ಬೊಂಬೆ ಮಾಡಿಕೊಡುವಷ್ಟು ನನ್ನ ಕಸುಬು ಕೆಟ್ಟಿಲ್ಲ ಎಂದು ರೇಗಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕಟ್ಟೆಯ ಮೇಲೆ ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, ಮಗುವಿಗೆ ಹೇಳುವಂತೆ ವಿವರಿಸಿದರು. ಅವರದು ಅಪ್ಪನ ಕಾಲದ ಕೇಪಿನ ಕೋವಿ. ಬೆಳೆಗೆ ಬರುವ ಹಂದಿ ಹೆದರಿಸಲೆಂದು ಲೈಸೆನ್ಸು ಇದೆ. ಈಗಿನ ಬಂದೂಕುಗಳ ಹಾಗೆ ಸಿದ್ಧ ತೋಟಾ ಹಾಕಿ ಢಂ ಅನ್ನಿಸುವಂಥದ್ದಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ನಾರು ತುರುಕಿ, ಸೀಸದ ಗುಂಡು ಹಾಕಿ, ಸಲಾಕೆಯಿಂದ ಒತ್ತಬೇಕು. ಮದ್ದು ಎಷ್ಟು ಎಂಬುದರಲ್ಲೇ ಎಲ್ಲ ಇದೆ. ಜಾಸ್ತಿಯಾದರೆ ಗುಂಡು ಆಕಾಶಕ್ಕೆ, ಕಮ್ಮಿಯಾದರೆ ಕಾಲ ಬುಡಕ್ಕೆ. ಅಪ್ಪನ ಹತ್ತಿರ ಮರದ ಒಂದು ಅಳತೆ ಇತ್ತಂತೆ, ಹೆಬ್ಬೆರಳಿನಷ್ಟು. ಅಪ್ಪ ಸತ್ತ ವರ್ಷವೇ ಅದನ್ನು ಇಲಿ ಕಡಿದು ಹಾಕಿತು. ಅಲ್ಲಿಂದ ಈ ಕೋವಿ ಒಂದು ಸಲವೂ ಗುರಿ ಮುಟ್ಟಿಲ್ಲ.

"ಏನಕ್ಕೆ ಗುರಿ ಇಡ್ತೀರಿ?"

"ಬೆರ್ಚಪ್ಪನ ತಲೆಗೆ."

ಬೆರ್ಚಪ್ಪ ಎಂದರೆ ಹೊಲದಲ್ಲಿ ಹಕ್ಕಿ ಹೆದರಿಸಲು ನಿಲ್ಲಿಸುವ ಬೊಂಬೆ. ಹಳೆ ಅಂಗಿ, ಒಳಗೆ ಹುಲ್ಲು, ತಲೆಗೊಂದು ಮಡಕೆ, ಮಡಕೆಗೆ ಸುಣ್ಣದಲ್ಲಿ ಕಣ್ಣು ಮೂಗು. ಅವರಪ್ಪ ಬದುವಿನ ಮೇಲಿನ ಹುಣಸೆ ಮರದ ಕವಲಿಗೆ ನಳಿಗೆ ಆನಿಸಿ ಆ ಮಡಕೆಯನ್ನು ಒಂದೇ ಏಟಿಗೆ ಒಡೆಯುತ್ತಿದ್ದರಂತೆ. ಕಣ್ಣು ಮುಚ್ಚುವ ಮುಂಚೆ ಮಗನನ್ನು ಹತ್ತಿರ ಕರೆದು, ಆಸ್ತಿಯ ಮಾತು ಆಡಲಿಲ್ಲ, ದೇವರ ಮಾತು ಆಡಲಿಲ್ಲ. "ನಿನ್ ಕೈಗೆ ಅಳತೆ ಅನ್ನೋದು ಬರಾಕಿಲ್ಲ ಕಣ್ಲಾ. ಆ ಮಡಕೆ ನೀನು ಒಡೆಯಾಕಿಲ್ಲ" ಎಂದು ಹೇಳಿ ಗೋಡೆ ಕಡೆ ತಿರುಗಿದರಂತೆ.

"ಒಂದ್ಸಲ, ಒಂದೇ ಒಂದ್ಸಲ ಅದುನ್ನ ಒಡೀಬೇಕು ಸಾಬ್ರೇ" ಎಂದರು ಗೌಡರು. "ಆಮ್ಯಾಕೆ ಕೋವಿ ಇದ್ರೂ ಅಷ್ಟೇ, ಹೋದ್ರೂ ಅಷ್ಟೇ."

ನನ್ನ ಸಿಟ್ಟು ಇಳಿಯಿತು. ನನ್ನಪ್ಪನೂ ಸಾಯುವ ಮುಂಚೆ ನಾನು ಕಡೆದ ಕುದುರೆಯನ್ನು ನೋಡಿ "ಕತ್ತೆ ಚೆನ್ನಾಗಿದೆ" ಎಂದಿದ್ದ. ಅವತ್ತೇ ಒಂದು ಅಳತೆ ಕಡೆದು, ಗುರುತಿಗಿರಲಿ ಎಂದು ಕೆಂಪು ಅರಗು ಹತ್ತಿಸಿ ಕೊಟ್ಟೆ.

ಹದಿನೈದು ದಿನಕ್ಕೆ ವಾಪಸ್ಸು ಬಂದರು. ಜೇಬಿನಿಂದ ಒಂದು ಹಾಳೆ ತೆಗೆದರು. ರೇಷ್ಮೆ ಮೊಟ್ಟೆ ಇಡಿಸಿ ಕೊಡುತ್ತಾರಲ್ಲ, ಆ ಹಾಳೆ. ಹುಳ ಒಡೆದು ಹೋದ ಮೇಲೆ ಅದರ ಬೆನ್ನಿನ ಮೇಲೆ ಅವರು ಕೋವಿಯ ಸಮಾಚಾರ ಬರೆಯುತ್ತಿದ್ದರು. ದುಂಡಗಿನ ಅಕ್ಷರ, ಒಂದಕ್ಷರ ತಪ್ಪಿಲ್ಲ. "ಕೆಂಪು ಅಳತೆ. ಬಿಸಿಲು. ಗುಂಡು ಎಡಕ್ಕೆ ಎರಡು ಮೊಳ. ಬೆರ್ಚಪ್ಪ ಕ್ಷೇಮ." ಅದರ ಕೆಳಗೆ, "ಕೆಂಪು ಅಳತೆ. ಮೋಡ. ಗುಂಡು ಮೇಲಕ್ಕೆ, ಎಲ್ಲಿ ಹೋಯಿತೋ ತಿಳಿಯದು. ಬೆರ್ಚಪ್ಪ ಕ್ಷೇಮ." ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಆಗಲಿಲ್ಲ. ಅವರೂ ನಕ್ಕರು. ನಕ್ಕು, "ಒಸಿ ಚಿಕ್ಕದು ಮಾಡ್ಕೊಡಿ" ಎಂದರು.

ಒಸಿ ಚಿಕ್ಕದು, ಹಸಿರು. ಒಸಿ ದೊಡ್ಡದು, ನೀಲಿ. ಅವೆರಡರ ನಡುವಿನದು, ಹಳದಿ. ಹೀಗೆ ಶುರುವಾದದ್ದು ಹದಿನಾಲ್ಕು ಅಳತೆಗಳವರೆಗೆ ಹೋಯಿತು. ನನ್ನಲ್ಲಿ ಬಣ್ಣ ಮುಗಿದು ಎರಡೆರಡು ಬಣ್ಣದ ಪಟ್ಟೆ ಹಾಕುವ ಹಾಗಾಯಿತು. ಬೊಂಬೆ ಕೊಳ್ಳಲು ಬಂದ ಬೆಂಗಳೂರಿನವರು ಅವನ್ನು ನೋಡಿ ಏನಿದು ಮುದ್ದಾಗಿದೆ ಎಂದು ಕೇಳಿದರೆ, ಕೋವಿಗೆ ಎಂದು ಹೇಳಿ ಅವರ ಮುಖ ನೋಡುವುದೇ ನನಗೊಂದು ಮಜಾ.

ಬಂದಾಗಲೆಲ್ಲ ಬರಿಗೈಲಿ ಬಂದವರಲ್ಲ. ಹಲಸು, ಕಡಲೆಕಾಯಿ, ಅವರೆಕಾಯಿ, ಸುಗ್ಗಿಯ ಕಾಲದಲ್ಲಿ ರಾಗಿ. "ನಾಕು ಸೇರು ಐತೆ, ಮನೆಗೆ ಕೊಡಿ" ಎನ್ನುವರು. ನಮ್ಮ ಮನೆಯಾಕೆ ಅಳೆದರೆ ಅದು ಐದು ಸೇರು ದಾಟುತ್ತಿತ್ತು. "ನಿಮ್ಮ ಗೌಡ್ರಿಗೆ ಎಣಿಸೋಕೆ ಬರಲ್ವಾ?" ಎಂದು ಆಕೆ ನಗುವಳು. ಆ ಮಾತನ್ನು ನಾನು ಅವತ್ತೇ ಸ್ವಲ್ಪ ಯೋಚಿಸಿದ್ದರೆ ಹದಿನಾಲ್ಕು ತುಂಡು ಹಾಲೆ ಮರ ಉಳಿಯುತ್ತಿತ್ತು. ಯೋಚಿಸಲಿಲ್ಲ. ರೊಟ್ಟಿ ತಿಂದು ಸುಮ್ಮನಾದೆ.

ಹಾಗಂತ ಅವರು ನನ್ನೊಬ್ಬನನ್ನೇ ನಂಬಿ ಕೂತವರಲ್ಲ. ಮಾಗಡಿ ಕಡೆ ಯಾರೋ ಹಳೆಯ ಶಿಕಾರಿಯ ಅಜ್ಜ ಇದ್ದಾನೆಂದು ಕೇಳಿ ಎರಡು ಬಸ್ಸು ಬದಲಾಯಿಸಿ ಹೋಗಿಬಂದರು. ಅಜ್ಜ ಹೇಳಿದ್ದು, "ಗುಂಡನ್ನ ಅಂಗೈಯಾಗಿಟ್ಕೊ, ಅದು ಮುಚ್ಚೋವಷ್ಟು ಮದ್ದು ಸುರ್ಕೊ, ಅದೇ ಅಳತೆ." ಅಜ್ಜನ ಅಂಗೈ ಎಷ್ಟಿತ್ತೋ ನನಗೆ ಗೊತ್ತಿಲ್ಲ. ನಮ್ಮವರ ಅಂಗೈ ಮೊರ ಅಂತ ಆಗಲೇ ಹೇಳಿದೆನಲ್ಲ. ಗುಂಡು ಮುಚ್ಚುವಷ್ಟು ಎಂದು ಸುರಿದು, ಇನ್ನೊಂದು ಚೂರು ಇರಲಿ ಎಂದು ಸುರಿದು ಹಾರಿಸಿದರು. ಕೋವಿ ಒದ್ದ ಏಟಿಗೆ ಹಿಂದಿನ ಹಿಪ್ಪುನೇರಳೆ ಸಾಲಿನಲ್ಲಿ ಮಲಗಿದ್ದವರನ್ನು ಗೌಡ್ತಮ್ಮ ಬಂದು ಎಬ್ಬಿಸಬೇಕಾಯಿತು. ಮೊಟ್ಟೆ ಹಾಳೆಯಲ್ಲಿ ಆ ದಿನದ ಸಾಲು ನನಗೆ ಬಾಯಿಪಾಠ: "ಅಂಗೈ ಅಳತೆ. ಭುಜ ಊದಿದೆ. ಒಂದು ಹಲ್ಲು ಅಲ್ಲಾಡುತ್ತಿದೆ. ಬೆರ್ಚಪ್ಪ ಕ್ಷೇಮ."

ಆಮೇಲೆ ಕನಕಪುರದ ಕಡೆಯ ಒಬ್ಬ ರಿಪೇರಿಯವನು ನಳಿಗೆಯೊಳಗೆ ಒಂದು ಕಣ್ಣಿಟ್ಟು ನೋಡಿ, "ನಳಿಗೆ ಒಸಿ ಎಡಕ್ಕೆ ವಾಲೈತೆ" ಎಂದನಂತೆ. ಬೇರೆಯವರಾದರೆ ನಳಿಗೆ ಸರಿಮಾಡಿಸುತ್ತಿದ್ದರು. ಇವರು ಮನೆಗೆ ಬಂದು ಬೆರ್ಚಪ್ಪನನ್ನೇ ಕಿತ್ತು ಎರಡು ಮೊಳ ಎಡಕ್ಕೆ ನೆಟ್ಟರು. ಮಾರನೆಯ ಗುಂಡು ಬಲಕ್ಕೆ ಹೋಯಿತು. ನಾನು ಅಂಗಡಿಯಲ್ಲಿ ಹಣೆ ಹಣೆ ಚಚ್ಚಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮುಖದ ಮೇಲೇ ಹೇಳಿಬಿಟ್ಟೆ. "ನೆಲಾನೂ ನೋಡ್ಬುಟ್ಟೆ ಸಾಬ್ರೇ, ನೆಲ ಸರಿಯಾಗೇ ಐತೆ" ಎಂದರು, ಸ್ವಲ್ಪವೂ ತಮಾಷೆಯಿಲ್ಲದೆ.

ಅವರಿಗೆ ಬೇಕೆಂದಾಗ ಹಾರಿಸುವ ಸ್ವಾತಂತ್ರ್ಯವೂ ಇರಲಿಲ್ಲ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಸಲ ಜ್ವರ ಬರುತ್ತದೆ. ಜ್ವರಕ್ಕೆ ಕೂತ ಹುಳಕ್ಕೆ ಸದ್ದು ಆಗಬಾರದೆಂಬುದು ಗೌಡ್ತಮ್ಮನ ಕಾನೂನು. ಹುಳ ಹಣ್ಣಾಗಿ ಗೂಡು ಕಟ್ಟುವಾಗಲೂ ಆಗದು. ಹೊಸ ಮೊಟ್ಟೆ ತಂದಾಗಲೂ ಆಗದು. ಹೀಗೆ ಕಳೆದು ಕಳೆದು ತಿಂಗಳಲ್ಲಿ ಐದಾರು ದಿನ ಗೌಡರಿಗೆ ಸಿಗುತ್ತಿತ್ತು. ಆ ದಿನಗಳಲ್ಲಿ ಮಳೆ ಬಂದರೆ ಮುಗಿಯಿತು.

ಇದರ ಮೇಲೆ ಎಲೆಕ್ಷನ್ನು. ಯಾವ ಎಲೆಕ್ಷನ್ ಬಂದರೂ ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ತಂದು ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. "ಕೋವಿ ಎಲ್ಲಿ ಗೌಡ್ರೇ?" ಎಂದರೆ "ತವರಿಗೆ ಹೋಗೈತೆ" ಎನ್ನುವರು. ವಾಪಸ್ಸು ಬಂದ ದಿನ ಗೌಡ್ತಮ್ಮ ಹೊಸಿಲಲ್ಲಿ ನಿಲ್ಲಿಸಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಒಳಗೆ ಕರೆದುಕೊಳ್ಳುವರು. ಒಂದು ಸಲ ಹಾಗೆ ಬಿಡಿಸಿಕೊಳ್ಳಲು ಹೋದಾಗ ನಾನೂ ಜೊತೆಗಿದ್ದೆ. ಇವರ ಮೊಟ್ಟೆ ಹಾಳೆಯ ಕಥೆ ಸ್ಟೇಷನ್ನಿನ ರೈಟರ್ ಕಿವಿಗೂ ಬಿದ್ದಿತ್ತು. ಒಳ್ಳೆಯ ಮನುಷ್ಯ, ಚೇಷ್ಟೆಗೆ ಕೇಳಿದ.

"ಹಂದಿ ಹೆದ್ರಿಸ್ಲಿ ಅಂತ ಕೊಟ್ಟಿರೋ ಲೈಸೆನ್ಸು. ಹೆದ್ರಿಸೋದಕ್ಕೆ ಗುರಿ ಯಾಕ್ರೀ ಗೌಡ್ರೇ?"

"ಗುರಿ ಇಲ್ದೆ ಹೆದ್ರಿಸಿದ್ರೆ ಯಾವನ್ ಹೆದರ್ತಾನೆ ಸಾರ್? ನಿಮ್ ಸಾಹೇಬ್ರು ಬೈಯೋವಾಗ ಗೋಡೆ ನೋಡ್ಕಂಡು ಬೈತಾರಾ?"

ರೈಟರ್ ಸಾಹೇಬರ ರೂಮಿನ ಕಡೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಬೇಗ ಬೇಗ ಸಹಿ ಹಾಕಿಸಿಕೊಂಡು ಕಳಿಸಿದ.

ಮೂರು ವರ್ಷ ಹೀಗೇ ನಡೆಯಿತು. ಹೋದ ವರ್ಷ ಒಂದು ಗುರುವಾರ ಅವರು ಬಂದಾಗ ಕೈಯಲ್ಲಿ ಹಲಸೂ ಇರಲಿಲ್ಲ, ಮೊಟ್ಟೆ ಹಾಳೆಯೂ ಇರಲಿಲ್ಲ. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಲೇತು ತಿರುಗುವುದನ್ನೇ ನೋಡಿದರು. ನಾನು ಲೇತು ನಿಲ್ಲಿಸಿದೆ.

"ಲೈಸೆನ್ಸು ಮುಂದಕ್ಕೆ ಕೊಡಾಕಿಲ್ವಂತೆ. ಕೈ ನಡುಗ್ತದೆ ಅಂತ ಡಾಕ್ಟ್ರು ಬರುದವ್ರೆ. ಬರೋ ಮಂಗಳವಾರ ಕೋವಿ ಒಪ್ಪಿಸ್ಬೇಕು. ಈ ಸಲ ತವರಿಗಲ್ಲ ಸಾಬ್ರೇ, ಕಳ್ಸಿಕೊಡಾದೆಯ."

ಎಂಬತ್ತರ ಹತ್ತಿರದ ಮನುಷ್ಯ. ಕಣ್ಣು ತುಂಬಿಕೊಂಡಿತ್ತು. ಆ ಹೊತ್ತಿಗೆ ನಾನೂ ಬೆರ್ಚಪ್ಪನ ಶತ್ರುವೇ ಆಗಿಬಿಟ್ಟಿದ್ದೆ. "ಶನಿವಾರ ನಾನೇ ಬತ್ತೀನಿ. ನೋಡೇ ಬಿಡೋಣ" ಎಂದೆ.

ಈ ಮೂರು ವರ್ಷದಲ್ಲಿ ಅವರು ಹತ್ತಾರು ಸಲ ಕರೆದಿದ್ದರೂ ನಾನು ಅವರ ಹೊಲಕ್ಕೆ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಕೋವಿಯ ಸದ್ದಿಗೆ ನನಗೆ ಹೆದರಿಕೆ. ಹದಿನಾಲ್ಕು ಅಳತೆ ಕಡೆದುಕೊಟ್ಟ ದೊಡ್ಡ ಮನುಷ್ಯ ನಾನು, ಅವರು ಅಳೆಯುವುದನ್ನು ಒಂದು ದಿನವೂ ಕಣ್ಣಿಂದ ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಹೋದೆ. ಮೊದಲು ಟೀ. ನನಗೆ ಸಕ್ಕರೆ ಕಾಯಿಲೆ, ಸಕ್ಕರೆ ಬೇಡ ಎಂದು ಗೌಡ್ತಮ್ಮನಿಗೆ ಮೂರು ಸಲ ಹೇಳಿದೆ. "ಆಯ್ತು ಬುಡಿ, ಒಸಿ ಹಾಕಿವ್ನಿ" ಎಂದು ತಂದುಕೊಟ್ಟದ್ದು ಪಾಯಸ. ಯಾರಿಗೂ ಕಾಣದಂತೆ ಹಿತ್ತಲ ಬಾಳೆ ಬುಡಕ್ಕೆ ಸುರಿದು ಬಂದೆ. ಆಮೇಲೆ ಗೌಡರು ಹುಣಸೆ ಮರದ ಕೆಳಗೆ ಹಳದಿ ಅಳತೆ ತೆಗೆದು, ಚೀಲದಿಂದ ಮದ್ದು ತುಂಬಿಸತೊಡಗಿದರು. ತುಂಬಿಸಿದರು. ಬಾಯಿಮಟ್ಟ ಬಂತು. ನಿಲ್ಲಿಸಲಿಲ್ಲ. ಮೇಲೆ ಗೋಪುರ ಕಟ್ಟಿತು. ಗೋಪುರದ ನೆತ್ತಿಗೆ ಇನ್ನೊಂದು ಚಿಟಿಕೆ ಹಾಕಿದರು. ಅದು ಪಕ್ಕಕ್ಕೆ ಸುರಿಯುವವರೆಗೆ ಬಿಡಲಿಲ್ಲ.

"ಗೌಡ್ರೇ! ಏನ್ ಮಾಡ್ತಾ ಇದ್ದೀರಿ?"

"ಅಳೀತಾ ಇವ್ನಿ."

"ಮ್ಯಾಲಿಂದು?"

"ಮ್ಯಾಲಿಂದು ಇರ್ಬೇಕಲ್ಲ ಮತ್ತೆ? ಗೋಪುರ ಇಲ್ದಿರೋದು ಅಳತೆಯಾ?"

ನಾನು ಹಾಗೇ ಬದುವಿನ ಮೇಲೆ ಕೂತುಬಿಟ್ಟೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಹದಿನಾಲ್ಕು ಅಳತೆ, ಮಾಗಡಿ, ಕನಕಪುರ, ಎಡಕ್ಕೆ ಕಿತ್ತು ನೆಟ್ಟ ಬೆರ್ಚಪ್ಪ! ಗೋಪುರ ಒಂದು ದಿನ ಎತ್ತರ, ಒಂದು ದಿನ ಗಿಡ್ಡ. ಗಾಳಿ ಬಂದರೆ ಒಂದು, ಖುಷಿಯಾಗಿದ್ದರೆ ಇನ್ನೊಂದು. ಒಂದೇ ಅಳತೆಯಲ್ಲಿ ಆ ಮನುಷ್ಯ ಎರಡು ಸಲ ಒಂದೇ ಸಮ ಮದ್ದು ಹಾಕಿರಲೇ ಇಲ್ಲ. ನಮ್ಮ ಮನೆಗೆ ಬಂದ ನಾಲ್ಕು ಸೇರು ರಾಗಿ ಐದು ಸೇರು ಆದದ್ದು ಹೇಗೆಂದು ಆಗ ಹೊಳೆಯಿತು.

"ನಿಮ್ ಹಾಳೆ ತನ್ನಿ" ಎಂದೆ. ತಂದರು. ಹುಡುಕಿದೆ. ಹಳದಿ ಅಳತೆಯ ಸಾಲುಗಳಲ್ಲಿ ಒಂದು ಕಡೆ, "ಗುಂಡು ಬೆರ್ಚಪ್ಪನ ಮಡಕೆಯ ಅಂಚು ಸವರಿ ಹೋಯಿತು. ಬೆರ್ಚಪ್ಪ ಕ್ಷೇಮ, ಆದರೆ ಬೆದರಿದ್ದಾನೆ" ಎಂದಿತ್ತು.

"ಅವತ್ತು ಏನ್ ಬೇರೆ ಮಾಡಿದ್ರಿ?"

ಅವರು ನೆನಪಿಸಿಕೊಂಡರು. "ಅವತ್ತು ಚೀಲದಾಗೆ ಮದ್ದು ಮುಗ್ದೋಗಿತ್ತು. ಬಾಯಿಮಟ್ಟಕ್ಕೆ ಬಂತು, ಅಷ್ಟೇ."

"ನೋಡಿದ್ರಾ! ಹಳದಿ, ಬಾಯಿಮಟ್ಟ! ಇದೇ ನಿಮ್ಮಪ್ಪನ ಅಳತೆ! ಒಂದು ಕಡ್ಡಿ ತಗೊಂಡು ಮ್ಯಾಲೆ ಸವರಿಬಿಡಿ. ಈಗ್ಲೇ ಹೊಡೀರಿ."

ನಾನೇ ಕಡ್ಡಿ ಮುರಿದು ಕೊಟ್ಟೆ. ಅವರು ಕಡ್ಡಿ ಹಿಡಿದರು, ಗೋಪುರದ ಹತ್ತಿರ ತಂದರು, ನಿಂತರು. ಕಡ್ಡಿ ಬಿಸಾಕಿದರು.

"ನನ್ ಕೈಲಾಗಾಕಿಲ್ಲ."

"ಯಾಕ್ರೀ? ಮದ್ದು ತಾನೆ? ಮುತ್ತಲ್ಲವಲ್ಲ?"

ಆಗ ಹೇಳಿದರು. ಅವರಪ್ಪನಿಗೆ ಊರಿನಲ್ಲಿ ಸವರೋ ಗೌಡ ಅಂತಲೇ ಹೆಸರು. ಕೂಲಿಯ ರಾಗಿ ಅಳೆಯುವಾಗ ಸೇರಿನ ಮೇಲೆ ಕಡ್ಡಿ ಎಳೆದು ಸವರಿಯೇ ಕೊಡುವುದು, ಒಂದು ಕಾಳು ಮೇಲೆ ನಿಲ್ಲಕೂಡದು. ಒಂದು ಸುಗ್ಗಿಯಲ್ಲಿ, ಹೊಟ್ಟೆಯಲ್ಲಿ ಮಗು ಇದ್ದ ಒಬ್ಬಳು ಆಳು ಹೆಂಗಸು ಸೆರಗು ಒಡ್ಡಿ ನಿಂತಿದ್ದಳು. ಅಪ್ಪ ಸೇರು ತುಂಬಿ, ಕಡ್ಡಿ ಎಳೆದು, ಸವರಿದ ಕಾಳನ್ನು ರಾಶಿಗೆ ಹಾಕಿ, ಉಳಿದದ್ದನ್ನು ಸೆರಗಿಗೆ ಸುರಿದರು. ಅವಳು ಕೆಳಗೆ ಬಿದ್ದ ನಾಲ್ಕು ಕಾಳನ್ನು ಕೂತು ಒಂದೊಂದಾಗಿ ಹೆಕ್ಕಿಕೊಂಡು ಹೋದಳಂತೆ. "ನಂಗೆ ಆಗ ಮೀಸೆ ಬಂದಿರ್ಲಿಲ್ಲ. ಅವತ್ತು ಅಂದ್ಕಂಡೆ, ನನ್ ಕಾಲಕ್ಕೆ ಈ ಮನೇಲಿ ಯಾವ್ ಅಳತೇನೂ ಸವರಾಕಿಲ್ಲ ಅಂತ. ರಾಗೀನೋ ಮದ್ದೋ, ಕೈಗೇನ್ ಗೊತ್ತಾಯ್ತದೆ ಸಾಬ್ರೇ?"

ಒಳಗಿನಿಂದ ಗೌಡ್ತಮ್ಮ ಬಂದು ಇನ್ನೊಂದು ಬಾಂಬು ಹಾಕಿದರು. "ನಾಳೆ ಸಂಜೆಗೆ ಹುಳ ನಾಕನೇ ಜ್ವರಕ್ಕೆ ಕೂರ್ತವೆ. ಹಾರ್ಸೋದಿದ್ರೆ ಅಷ್ಟರೊಳಗೆ ಒಂದು, ಒಂದೇಯ. ಆಮ್ಯಾಕೆ ಜ್ವರ ಏಳೋದು ಮಂಗಳವಾರ."

ಮಂಗಳವಾರ ಕೋವಿ ಸ್ಟೇಷನ್ನಿಗೆ. ಅಂದರೆ ಉಳಿದದ್ದು ಒಂದೇ ಗುಂಡು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದುಕೊಂಡೆ, ಅವರನ್ನು, ಅವರಪ್ಪನನ್ನು, ನನ್ನನ್ನು. ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಎದುರಿಗೇ ಕುಂಕುಮದ ಭರಣಿಗಳ ಸಾಲು ಕೂತಿತ್ತು. ಹುಟ್ಟಿದಾಗಿನಿಂದ ನೋಡಿದ ಭರಣಿ! ಮುಚ್ಚಳ ಬಿಗಿಯಾಗಿ ಕೂರುತ್ತದೆ, ಮೇಲೆ ಹೆಚ್ಚಿದ್ದ ಕುಂಕುಮ ತಾನಾಗಿ ಹೊರಗೆ ಚೆಲ್ಲುತ್ತದೆ. ಹಳದಿ ಅಳತೆಯಷ್ಟೇ ಹೊಟ್ಟೆಯ ಒಂದು ಭರಣಿ ಕಡೆದೆ. ಮುಚ್ಚಳದ ಒಳಮೈಯನ್ನು ಚಪ್ಪಟೆಯಾಗಿ ಕಡೆದು, ಬಾಯಿಮಟ್ಟಕ್ಕೆ ಸರಿಯಾಗಿ ಕೂರುವ ಹಾಗೆ ಹತ್ತು ಸಲ ತೆಗೆದು ಹಾಕಿ ನೋಡಿದೆ. ಜೀವಮಾನದಲ್ಲಿ ಅಷ್ಟು ಜೋಪಾನವಾಗಿ ಯಾವುದನ್ನೂ ಕಡೆದಿಲ್ಲ. ಹಳದಿ ಅರಗು ಹತ್ತಿಸಿ, ಒಳಗೆ ಮಾತ್ರ ಬಿಟ್ಟು, ಬಿಸಿ ಆರುವ ಮುಂಚೆಯೇ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

"ನೀವು ಗೋಪುರ ಕಟ್ಟಿ ಗೌಡ್ರೇ, ಎಷ್ಟು ಬೇಕಾದ್ರೂ ಕಟ್ಟಿ" ಎಂದೆ. "ಸವರಬ್ಯಾಡಿ. ಮುಚ್ಚಳ ಮುಚ್ಚಿ, ಅಷ್ಟೇ. ಕುಂಕುಮದ ಭರಣಿಗೆ ಮುಚ್ಚಳ ಮುಚ್ಚಿದ್ರೆ ಪಾಪ ಇಲ್ಲ."

ಅವರು ಭರಣಿ ನೋಡಿದರು, ನನ್ನನ್ನು ನೋಡಿದರು. ತಮ್ಮ ಕೈಯಾರೆ ಗೋಪುರ ಕಟ್ಟಿದರು, ನೆತ್ತಿಗೆ ಇನ್ನೊಂದು ಚಿಟಿಕೆಯನ್ನೂ ಹಾಕಿದರು. ಆಮೇಲೆ ಮುಖವನ್ನು ಆ ಕಡೆ ತಿರುಗಿಸಿಕೊಂಡು ಮುಚ್ಚಳ ಒತ್ತಿದರು. ಹೆಚ್ಚಿನ ಮದ್ದು ಅವರ ಟವೆಲಿನ ಮೇಲೆ ಉದುರಿತು. ಮುಚ್ಚಳ ತೆಗೆದು ನಳಿಗೆಗೆ ಸುರಿದರು. ನಾರು, ಗುಂಡು, ಸಲಾಕೆ, ಕೇಪು. ಹುಣಸೆಯ ಕವಲಿಗೆ ನಳಿಗೆ ಆನಿಸಿದಾಗ ನಡುಗುವ ಕೈ ನಿಂತಿತ್ತು. ನಾನು ಎರಡು ಕಿವಿಯನ್ನೂ ಮುಚ್ಚಿಕೊಂಡೆ. ಕಣ್ಣನ್ನೂ ಮುಚ್ಚಿಕೊಂಡೆ. ಬಿಸ್ಮಿಲ್ಲಾ ಅಂದುಕೊಂಡೆ.

ಸದ್ದಾಯಿತು. ಕಣ್ಣು ಬಿಟ್ಟರೆ ಹೊಗೆ. ಹೊಗೆ ಸರಿದಾಗ ಬೆರ್ಚಪ್ಪ ನಿಂತೇ ಇದ್ದ, ಎರಡು ಕೈ ಚಾಚಿಕೊಂಡು, ಕುತ್ತಿಗೆಯವರೆಗೆ. ಅದರ ಮೇಲೆ ಏನೂ ಇರಲಿಲ್ಲ.

ನಾನು ಕುಣಿದೆ. ನಿಜವಾಗಿ, ಈ ವಯಸ್ಸಿನಲ್ಲಿ, ರಾಗಿ ಹೊಲದಲ್ಲಿ ಕುಣಿದೆ. ಗೌಡರು ಕೋವಿಯನ್ನು ಮರಕ್ಕೆ ಒರಗಿಸಿ ನಿಧಾನವಾಗಿ ನಡೆದು ಹೋಗಿ ಮಡಕೆಯ ಚೂರೊಂದನ್ನು ಎತ್ತಿಕೊಂಡರು. ಸುಣ್ಣದ ಒಂದು ಕಣ್ಣು ಅದರಲ್ಲಿತ್ತು. ಅದನ್ನು ನೋಡುತ್ತಾ ಅಳುತ್ತಿದ್ದರೋ ನಗುತ್ತಿದ್ದರೋ, ಭುಜ ಮಾತ್ರ ಅಲ್ಲಾಡುತ್ತಿತ್ತು. ಗೌಡ್ತಮ್ಮ ಸೆರಗು ಕಟ್ಟಿಕೊಂಡು ಓಡಿ ಬಂದು, ಬೆರ್ಚಪ್ಪನನ್ನು ನೋಡಿ, ಸೊಂಟದ ಮೇಲೆ ಕೈಯಿಟ್ಟರು.

"ಅಂತೂ ಹೊಡುದ್ರಾ? ಒಳ್ಳೇದಾಯ್ತು. ನಾಳೆಯಿಂದ ತಲೆ ಮ್ಯಾಲೆ ಮಡಕೆ ಇಟ್ಕಂಡು ನೀವೇ ನಿಂತ್ಕಳಿ, ಗುಬ್ಬಿ ಓಡ್ಸೋಕೆ!"

ಅವತ್ತಿನ ಮೊಟ್ಟೆ ಹಾಳೆಯಲ್ಲಿ ಒಂದೇ ಸಾಲು. "ಭರಣಿ ಅಳತೆ. ಬೆರ್ಚಪ್ಪನವರು ತೀರಿಕೊಂಡರು."

ಮಂಗಳವಾರ ಕೋವಿಗೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಬಿಳಿ ಪಂಚೆಯಲ್ಲಿ ಸುತ್ತಿ ತಂದರು. ರೈಟರ್ ಎದುರು ಟೇಬಲ್ಲಿನ ಮೇಲೆ ಮಲಗಿಸಿ, "ಗುರಿ ಐತೆ, ನೋಡ್ಕಂಡು ಮಡಗಿ ಸಾರ್" ಎಂದರು. ರೈಟರ್ ನಗಲಿಲ್ಲ. ಎದ್ದು ನಿಂತು ಎರಡೂ ಕೈಯಲ್ಲಿ ಎತ್ತಿಕೊಂಡ.

ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದು ಭರಣಿಯ ಮುಚ್ಚಳವನ್ನು ನನ್ನ ಕೈಗೆ ಹಾಕಿದರು.

"ಭರಣಿ ನಾನ್ ಇಟ್ಕತೀನಿ. ಮುಚ್ಚಳ ನೀವೇ ಇಟ್ಕಳಿ ಸಾಬ್ರೇ."

"ಯಾಕೆ? ನಿಮ್ಮಪ್ಪನ್ನ ಗೆದ್ರಲ್ಲ?"

"ಎಲ್ಲಿ ಗೆದ್ದೆ? ನಮ್ಮಪ್ಪ ಹೇಳಿದ್ದು ಸರಿಯಾಗೇ ಐತೆ. ನನ್ ಕೈಗೆ ಅಳತೆ ಬರಾಕಿಲ್ಲ. ಅವತ್ತು ಅಳತೆ ಮಾಡಿದ್ದು ನಿಮ್ ಮುಚ್ಚಳ" ಎಂದು ಹೇಳಿ ಗಟ್ಟಿಯಾಗಿ ನಕ್ಕರು. ಅವರು ಅಷ್ಟು ಹಗುರವಾಗಿ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮುಚ್ಚಳ ನನ್ನ ಲೇತಿನ ಪಕ್ಕದ ಗೂಡಿನಲ್ಲಿ ಉಳಿಯಿತು. ಅದಾದ ಮೇಲೆ ಅವರು ಬದುಕಿದ್ದು ಒಂದು ವರ್ಷಕ್ಕೆ ಸ್ವಲ್ಪ ಕಮ್ಮಿ.

ಫೋನ್ ಬಂದ ದಿನ ಮಣ್ಣಿಗೆ ಹೋಗಿ ಬಂದೆ. ಹತ್ತಾರು ಜನರ ನಡುವೆ ಗೌಡ್ತಮ್ಮನ ಹತ್ತಿರ ಮಾತಾಡಲು ಆಗಲಿಲ್ಲ. ತಿಥಿ ಕಳೆದ ಮೇಲೆ ಒಂದು ದಿನ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು ಹೋದೆ. ಗೌಡರಿಲ್ಲ, ಇನ್ನು ಮುಚ್ಚಳ ಭರಣಿಯ ಜೊತೆಗೇ ಇರಲಿ, ನೆನಪಿಗೆ ಒಂದು ಜೋಡಿಯಾಗಿ ಇಟ್ಟುಕೊಳ್ಳಲಿ ಎಂದು ನನ್ನ ಲೆಕ್ಕ. ಹೊಲದಲ್ಲಿ ಬೆರ್ಚಪ್ಪ ಹೊಸ ಮಡಕೆ ಹೊತ್ತು ನಿಂತಿದ್ದ. ಗೌಡರ ಬಿಳಿ ಅಂಗಿ ಹಾಕಿದ್ದರು ಅದಕ್ಕೆ.

ಗೌಡ್ತಮ್ಮ ಒಲೆಯ ಮುಂದೆ ಕೂತು ಟೀಗೆ ಇಟ್ಟಿದ್ದರು. ಸಕ್ಕರೆ ಡಬ್ಬದೊಳಗಿಂದ ಅವರು ತೆಗೆದದ್ದು ಹಳದಿ ಭರಣಿಯನ್ನು.

"ಇದ್ರಾಗೇ ಹಾಕು ಅಂತ ಅವ್ರು ಇಲ್ಲಿ ತಂದು ಮಡುಗ್ಬುಟ್ಟಿದ್ರು" ಎಂದರು. ಭರಣಿ ತುಂಬಿಸಿದರು. ಬಾಯಿಮಟ್ಟ ಬಂತು. ಮೇಲೆ ಗೋಪುರ ಕಟ್ಟಿತು. ನೆತ್ತಿಗೆ ಇನ್ನೊಂದು ಚಿಟಿಕೆ ಹಾಕಿದರು. ಸಕ್ಕರೆ ಪಕ್ಕಕ್ಕೆ ಚೆಲ್ಲಿ ನೆಲಕ್ಕೆ ಉದುರಿತು, ಅದರ ಕಡೆ ನೋಡಲೂ ಇಲ್ಲ. ನನ್ನ ಲೋಟಕ್ಕೆ ಸುರಿದರು.

ಜೇಬಿನೊಳಗೆ ಮುಚ್ಚಳ ಹಿಡಿದಿದ್ದ ಕೈಯನ್ನು ಬರಿದಾಗಿ ಹೊರಗೆ ತೆಗೆದು ಲೋಟ ಈಸಿಕೊಂಡೆ.

"ಸಕ್ಕರೆ ಹೆಚ್ಚಾಯ್ತಾ ಸಾಬ್ರೇ?"

"ಇಲ್ಲಕ್ಕ, ಸರಿಯಾಗೈತೆ" ಎಂದೆ. ಬಾಳೆ ಬುಡದ ಕಡೆ ಹೋಗಲಿಲ್ಲ. ಅಲ್ಲೇ ಕೂತು ಕೊನೆಯ ಹನಿಯವರೆಗೂ ಕುಡಿದೆ.